ಇಸಬು: ಮುಲಾಮು ಡಾಕ್ಟರದು, ಆರೈಕೆ ಮನೆಮಂದಿಯದು

ಮನೆ ಆರೋಗ್ಯ



ಹಿಂಗಾರಿ ಜೋಳ ಮೊಣಕಾಲೆತ್ತರ ಬೆಳೆಯುವ ಹೊತ್ತಿಗೆ ಸೋಲಾಪುರ, ಅಕ್ಕಲಕೋಟ ಕಡೆ ಒಣ ಗಾಳಿ ಬೀಸತೊಡಗುತ್ತದೆ. ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ, ಮೈಮೇಲೆ ಉಗುರು ಎಳೆದರೆ ಬಿಳಿ ಗೆರೆ ಮೂಡುತ್ತದೆ. ದೊಡ್ಡವರು ಒಂದಿಷ್ಟು ಎಣ್ಣೆ ಸವರಿಕೊಂಡು ಸುಮ್ಮನಾಗುತ್ತಾರೆ. ಆದರೆ ಕೆಲವು ಮನೆಗಳಲ್ಲಿ ಒಂದು ಮಗುವಿಗೆ ಈ ಕಾಲವೇ ಒಂದು ಶಿಕ್ಷೆ. ಮೊಣಕೈ ಮಡಿಕೆ, ಮೊಣಕಾಲ ಹಿಂಭಾಗ, ಕುತ್ತಿಗೆ ಎಲ್ಲ ಕೆಂಪಗಾಗುತ್ತವೆ. ರಾತ್ರಿಯೆಲ್ಲಾ ಪರಪರ ಕೆರೆತ. ಬೆಳಗ್ಗೆ ನೋಡಿದರೆ ಹಾಸಿಗೆಯ ಮೇಲೆ ರಕ್ತದ ಕಲೆ.

ಇದೇ ಇಸಬು. ಡಾಕ್ಟರರು ಇದನ್ನು ಎಕ್ಸಿಮಾ ಎನ್ನುತ್ತಾರೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ನಮ್ಮ ಗಡಿ ಸೀಮೆಯ ಜನರಿಗೆ ಈ ಹೆಸರು ಹೊಸದಲ್ಲ. ಮರಾಠಿಯಲ್ಲೂ ಇದು 'ಇಸಬ್'. ಎರಡೂ ಭಾಷೆಯಲ್ಲಿ ಒಂದೇ ಹೆಸರು. ಎರಡೂ ಭಾಷೆಯ ಮನೆಗಳಲ್ಲಿ ಒಂದೇ ತಪ್ಪು ತಿಳಿವಳಿಕೆ.

ಇಂಥ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಜ್ಜಿ ಹೇಳುತ್ತಾರೆ, "ಬಸುರಿ ಇದ್ದಾಗ ಬದನಿಕಾಯಿ ತಿನ್ನಬ್ಯಾಡ ಅಂದಿದ್ದೆ, ಕೇಳಲಿಲ್ಲ." ಅತ್ತೆಯ ಈ ಮಾತಿಗೆ ಸೊಸೆ ಒಳಗೊಳಗೇ ಅಳುತ್ತಾಳೆ. ತಂದೆ ದುಡಿದು ದಣಿದು ಬರುವಾಗ ಔಷಧಿ ಅಂಗಡಿಯಿಂದ ಒಂದು ಟ್ಯೂಬು ತರುತ್ತಾನೆ. ನಾಲ್ಕು ದಿನದಲ್ಲಿ ಚರ್ಮ ಬೆಳ್ಳಗಾಗುತ್ತದೆ. ಹದಿನೈದು ದಿನದಲ್ಲಿ ಮೊದಲಿಗಿಂತ ಜೋರಾಗಿ ಮರಳುತ್ತದೆ. ನೆರೆಮನೆಯವರು ತಮ್ಮ ಮಕ್ಕಳನ್ನು ದೂರ ಕರೆದುಕೊಳ್ಳುತ್ತಾರೆ. ಯಾರೂ ಕೆಟ್ಟವರಲ್ಲ. ಎಲ್ಲರಿಗೂ ಮಗುವಿನ ಮೇಲೆ ಪ್ರೀತಿಯಿದೆ. ಆದರೂ ಮಗು ನಿದ್ದೆಗೆಟ್ಟು ಸೊರಗುತ್ತದೆ, ಮನೆಯಲ್ಲಿ ಮಾತು ಮಾತಿಗೆ ಜಗಳ. ಆದ್ದರಿಂದ ಈ ಸಲದ ಅಂಕಣದಲ್ಲಿ ಇಸಬಿನ ಬಗ್ಗೆ, ಅದರಲ್ಲೂ ಮನೆಯವರು ಸೇರಿ ಮಾಡಬೇಕಾದ ಕೆಲಸದ ಬಗ್ಗೆ ವಿವರವಾಗಿ ನೋಡೋಣ.

ಇದು ಯಾರ ತಪ್ಪು?

ಯಾರ ತಪ್ಪೂ ಅಲ್ಲ. ನಮ್ಮ ಚರ್ಮದ ಮೇಲ್ಪದರ ಇಟ್ಟಿಗೆ ಗೋಡೆಯ ಹಾಗೆ ಇರುತ್ತದೆ. ಜೀವಕೋಶಗಳು ಇಟ್ಟಿಗೆ, ಅವುಗಳ ನಡುವಿನ ಜಿಡ್ಡು ಗಾರೆ. ಗೋಡೆ ಗಟ್ಟಿಯಿದ್ದರೆ ಒಳಗಿನ ನೀರು ಆರುವುದಿಲ್ಲ, ಹೊರಗಿನ ಧೂಳು, ಸಾಬೂನು, ರೋಗಾಣು ಒಳಗೆ ಬರುವುದಿಲ್ಲ. ಇಸಬು ಇರುವ ಮಕ್ಕಳಲ್ಲಿ ಈ ಗೋಡೆ ಸಡಿಲ. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಜೊತೆಗಾರರು 2006ರಲ್ಲಿ ಇದಕ್ಕೊಂದು ಮುಖ್ಯ ಕಾರಣವನ್ನು ತೋರಿಸಿಕೊಟ್ಟರು. ಚರ್ಮವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನು ಕೆಲವರ ದೇಹದಲ್ಲಿ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಇದು ಅಪ್ಪನ ಕಡೆಯಿಂದಲೂ ಬರಬಹುದು, ಅವ್ವನ ಕಡೆಯಿಂದಲೂ ಬರಬಹುದು. ಅದೇ ಮನೆತನದಲ್ಲಿ ಒಬ್ಬರಿಗೆ ದಮ್ಮು, ಇನ್ನೊಬ್ಬರಿಗೆ ಬೆಳಗಾದರೆ ಸಾಲು ಸೀನು, ಮತ್ತೊಬ್ಬರಿಗೆ ಇಸಬು ಇರುವುದು ಸಾಮಾನ್ಯ. ಇಸಬು ಇರುವ ಎಲ್ಲರಲ್ಲೂ ಇದೊಂದೇ ಕಾರಣವಿರುವುದಿಲ್ಲ. ಆದರೆ ಬಸುರಿಯಲ್ಲಿ ತಿಂದ ಬದನೆಕಾಯಿಯಿಂದ ಬಂತು ಎನ್ನುವುದಕ್ಕೆ ಆಧಾರವಿಲ್ಲ.

ಎರಡನೆಯ ಮಾತು: ಇಸಬು ಅಂಟುರೋಗ ಅಲ್ಲ. ಮುಟ್ಟಿದರೆ, ಪಕ್ಕದಲ್ಲಿ ಮಲಗಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ. ಇದನ್ನು ಶಾಲೆಯ ಟೀಚರಿಗೆ ತಂದೆತಾಯಿ ತಾವೇ ಹೋಗಿ ಹೇಳಬೇಕು. ಮಗುವನ್ನು ಬೇರೆ ಬೆಂಚಿನಲ್ಲಿ ಕೂರಿಸುವ ಅಗತ್ಯವಿಲ್ಲ ಎಂಬ ಒಂದು ಮಾತು ಅದರ ಬಾಲ್ಯವನ್ನೇ ಉಳಿಸಬಹುದು.

ಮೂರನೆಯ ಮಾತು ಸ್ವಲ್ಪ ಕಹಿ. ಇಸಬನ್ನು ಬೇರುಸಹಿತ ಕಿತ್ತುಹಾಕುವ ಔಷಧಿ ಇನ್ನೂ ಬಂದಿಲ್ಲ. 'ಒಂದೇ ತಿಂಗಳಲ್ಲಿ ಖಾತ್ರಿ' ಎಂದು ಗೋಡೆಯ ಮೇಲೆ ಬರೆದವರನ್ನು ನಂಬಬೇಡಿ. ಆದರೆ ಬಹಳಷ್ಟು ಮಕ್ಕಳಲ್ಲಿ ಬೆಳೆಯುತ್ತಾ ಹೋದಂತೆ ಇದು ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಹತೋಟಿಯಲ್ಲಿ ಇಡುವುದು ಸಾಧ್ಯ. ಆ ಹತೋಟಿ ಇರುವುದು ಮನೆಯ ದಿನಚರಿಯಲ್ಲಿ.

ಮೊದಲು ಗುರುತು ಸರಿಯಾಗಿರಲಿ

ತುರಿಸುವುದೆಲ್ಲಾ ಇಸಬಲ್ಲ. ಮನೆಮದ್ದು ಶುರುಮಾಡುವ ಮೊದಲು ಈ ನಾಲ್ಕನ್ನು ಬೇರೆ ಮಾಡಿ ನೋಡಿ.

1. ಇಸಬು: ಕೂಸುಗಳಲ್ಲಿ ಕೆನ್ನೆ, ತಲೆ, ಕೈಕಾಲಿನ ಹೊರಭಾಗ, ದೊಡ್ಡ ಮಕ್ಕಳಲ್ಲಿ ಮೊಣಕೈ ಮತ್ತು ಮೊಣಕಾಲಿನ ಮಡಿಕೆ, ಮಣಿಕಟ್ಟು, ಕುತ್ತಿಗೆ. ಚರ್ಮ ಒಣಗಿ ಒರಟಾಗಿರುತ್ತದೆ. ಹೋಗುತ್ತದೆ, ಮತ್ತೆ ಬರುತ್ತದೆ.

2. ಗಜಕರ್ಣ ಅಥವಾ ಹುಳುಕಡ್ಡಿ: ಉಂಗುರದ ಹಾಗೆ ದುಂಡಗೆ, ಅಂಚು ಕೆಂಪು, ನಡುವೆ ತಿಳಿ. ತೊಡೆಸಂದು, ಸೊಂಟದಲ್ಲಿ ಹೆಚ್ಚು. ಇದು ಶಿಲೀಂಧ್ರದಿಂದ ಬರುತ್ತದೆ, ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ. ಇಸಬಿನ ಮುಲಾಮು ಹಚ್ಚಿದರೆ ಇದು ಇನ್ನಷ್ಟು ಹರಡುತ್ತದೆ.

3. ಕಜ್ಜಿ: ಮರಾಠಿಯಲ್ಲಿ ಖರೂಜ್. ಬೆರಳುಗಳ ಸಂದಿಯಲ್ಲಿ, ಸೊಂಟದ ಸುತ್ತ ಸಣ್ಣ ಗುಳ್ಳೆ. ರಾತ್ರಿ ತುರಿಕೆ ಜೋರು. ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ಶುರುವಾಗಿದ್ದರೆ ಮೊದಲು ಇದನ್ನೇ ಶಂಕಿಸಿ. ತುರಿಕೆ ಇಲ್ಲದವರೂ ಸೇರಿ ಇಡೀ ಮನೆ ಒಂದೇ ದಿನ ಔಷಧಿ ಹಚ್ಚಿಕೊಳ್ಳಬೇಕು.

4. ತುರಿಸದ, ಮುಟ್ಟಿದರೆ ಅರಿವಾಗದ ತಿಳಿ ಬಣ್ಣದ ಮಚ್ಚೆ: ಇದು ಕುಷ್ಠರೋಗದ ಗುರುತಾಗಿರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಔಷಧಿ ಪೂರ್ತಿ ಉಚಿತ, ಪೂರ್ತಿ ಗುಣವೂ ಆಗುತ್ತದೆ. ಮುಚ್ಚಿಡಬೇಡಿ.

ಸ್ನಾನ ಮತ್ತು ಜಿಡ್ಡು

ಇಸಬಿನ ಆರೈಕೆಯಲ್ಲಿ ಮುಕ್ಕಾಲು ಪಾಲು ಇಲ್ಲಿದೆ. ಸಡಿಲವಾದ ಗೋಡೆಗೆ ದಿನಾ ಗಾರೆ ಮೆತ್ತುವ ಕೆಲಸ ಇದು.

ಮಗುವಿಗೆ ದಿನಕ್ಕೊಮ್ಮೆ ಸ್ನಾನ ಮಾಡಿಸಿ. ನೀರು ಉಗುರು ಬೆಚ್ಚಗಿರಲಿ. ಹಂಡೆಯ ಬಿಸಿನೀರು ಮೈಮೇಲೆ ಸುರಿದರೆ ಆ ಕ್ಷಣಕ್ಕೆ ತುರಿಕೆ ನಿಂತಂತೆ ಅನಿಸುತ್ತದೆ, ಆದರೆ ಇದ್ದ ಜಿಡ್ಡೂ ತೊಳೆದುಹೋಗಿ ಒಂದು ಗಂಟೆಯಲ್ಲಿ ತುರಿಕೆ ದುಪ್ಪಟ್ಟಾಗುತ್ತದೆ. ಐದರಿಂದ ಹತ್ತು ನಿಮಿಷ ಸಾಕು. ನೊರೆ ಹೆಚ್ಚು ಬರುವ, ಘಮಘಮಿಸುವ ಸಾಬೂನು ಬೇಡ. ಸೌಮ್ಯವಾದ ಸಾಬೂನನ್ನು ಕಂಕುಳು, ತೊಡೆಸಂದು, ಪಾದಗಳಿಗೆ ಮಾತ್ರ ಹಚ್ಚಿ. ಕಡಲೆಹಿಟ್ಟು ಹಾಕಿ ತಿಕ್ಕುವುದನ್ನು, ಕಲ್ಲಿನಿಂದ ಉಜ್ಜುವುದನ್ನು ಈ ಮಗುವಿನ ಮಟ್ಟಿಗೆ ಬಿಟ್ಟುಬಿಡಿ.

ಸ್ನಾನವಾದ ಮೇಲೆ ಮೈ ಉಜ್ಜಬೇಡಿ, ಬಟ್ಟೆಯಿಂದ ಒತ್ತಿ ಒತ್ತಿ ನೀರು ತೆಗೆಯಿರಿ. ಸೋಲಾಪುರದ ಟವೆಲಿಗೆ ಊರೂರಲ್ಲಿ ಹೆಸರಿದೆ. ಆದರೆ ಹೊಸ ಟವೆಲಿನ ಒರಟು ಈ ಚರ್ಮಕ್ಕೆ ಒಗ್ಗದು. ಹತ್ತಾರು ಸಲ ಒಗೆದು ಮೆತ್ತಗಾದ ಹಳೆಯ ಟವೆಲು ಅಥವಾ ಹಳೆಯ ಧೋತರದ ತುಂಡು ಉತ್ತಮ.

ಮೈ ಇನ್ನೂ ಸ್ವಲ್ಪ ಹಸಿಯಾಗಿರುವಾಗಲೇ, ಮೂರು ನಿಮಿಷದೊಳಗೆ, ಜಿಡ್ಡು ಹಚ್ಚಿ. ದುಬಾರಿ ಕ್ರೀಮೇ ಬೇಕೆಂದಿಲ್ಲ. ಬಿಳಿ ಪೆಟ್ರೋಲಿಯಂ ಜೆಲ್ಲಿ ಒಳ್ಳೆಯದು. ವಾಸನೆ ಬೆರೆಸದ ಶುದ್ಧ ಕೊಬ್ಬರಿ ಎಣ್ಣೆಯೂ ಆದೀತು. ಫಿಲಿಪ್ಪೀನ್ಸ್ ದೇಶದ ವೈದ್ಯರು 117 ಮಕ್ಕಳ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಸಾಧಾರಣ ಇಸಬಿಗೆ ಹಸಿ ಕೊಬ್ಬರಿ ಎಣ್ಣೆ ಖನಿಜ ಎಣ್ಣೆಗಿಂತ ಚೆನ್ನಾಗಿ ಕೆಲಸ ಮಾಡಿತು. ಸಾಸಿವೆ ಎಣ್ಣೆ ಬೇಡ, ಅದು ಉರಿ ತರುತ್ತದೆ. ಎಣ್ಣೆ ಹಚ್ಚುವ ಅಜ್ಜಿಯರ ಪದ್ಧತಿ ಹಾಗಾದರೆ ಸರಿಯೇ. ಒಂದೇ ಬದಲಾವಣೆ, ಸ್ನಾನಕ್ಕೆ ಮೊದಲು ಹಚ್ಚಿ ಸಾಬೂನಿನಿಂದ ತೊಳೆಯುವ ಬದಲು ಸ್ನಾನದ ನಂತರ ಹಚ್ಚಿ ಹಾಗೇ ಬಿಡಬೇಕು.

ಎಷ್ಟು ಹಚ್ಚಬೇಕು? ನಾವು ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚು. ಮಕ್ಕಳ ಇಸಬಿನ ಬಗ್ಗೆ ಬ್ರಿಟನ್ನಿನಲ್ಲಿ 2007ರಲ್ಲಿ ಹೊರಬಂದ ಮಾರ್ಗಸೂಚಿ, ವಾರಕ್ಕೆ 250ರಿಂದ 500 ಗ್ರಾಂ ಕೊಡಬೇಕೆಂದು ಹೇಳುತ್ತದೆ. ಅಷ್ಟು ನಮ್ಮ ಮನೆಗಳಲ್ಲಿ ಕಷ್ಟವೆನಿಸಿದರೂ, ಅಂಗೈಯಗಲದ ಸಣ್ಣ ಡಬ್ಬಿ ಆರು ತಿಂಗಳು ಬಂದರೆ ಹಚ್ಚುತ್ತಿಲ್ಲ ಎಂದೇ ಅರ್ಥ. ಇಸಬು ಕಾಣದ ದಿನವೂ ದಿನಕ್ಕೆ ಎರಡು ಸಲ, ಇಡೀ ಮೈಗೆ ಹಚ್ಚಬೇಕು. 'ಈಗ ಕಡಿಮೆ ಐತಿ' ಎಂದು ಬಿಟ್ಟ ವಾರದಲ್ಲೇ ಅದು ಮರಳುತ್ತದೆ.

ನಮ್ಮ ಗಡಸು ನೀರಿನ ಮಾತು

ಬೋರಿನ ನೀರು ಗಡಸು, ಪಾತ್ರೆಯ ತಳಕ್ಕೆ ಬಿಳಿ ಪದರು ಕಟ್ಟುತ್ತದೆ. ಇನ್ನು ಸೋಲಾಪುರ ನಗರದವರಿಗೆ ಉಜನಿಯ ನಲ್ಲಿ ನೀರಿಗಾಗಿ ದಿನಗಟ್ಟಲೆ ಕಾದು ರೂಢಿಯಾಗಿದೆ. ಹೀಗಾಗಿ 'ನೀರಿನ ದೋಷ, ನೀರು ಮೆದು ಮಾಡುವ ಯಂತ್ರ ಹಾಕಿಸಿದರೆ ಗುಣ' ಎಂದು ಹೇಳುವವರಿದ್ದಾರೆ. ಸಾಲ ಮಾಡಿ ಯಂತ್ರ ಕೊಳ್ಳುವ ಮೊದಲು ಇದನ್ನು ತಿಳಿಯಿರಿ. ಇಂಗ್ಲೆಂಡಿನ ಗಡಸು ನೀರಿನ ಪ್ರದೇಶಗಳಲ್ಲಿ ಇಸಬು ಇದ್ದ 336 ಮಕ್ಕಳನ್ನು ಸೇರಿಸಿ ನಡೆಸಿದ ಪರೀಕ್ಷೆಯ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಮನೆಗೆ ಅಂಥ ಯಂತ್ರ ಹಾಕಿಸಿ ಮೂರು ತಿಂಗಳು ನೋಡಿದರೂ, ಮಾಮೂಲಿ ಆರೈಕೆಗಿಂತ ಹೆಚ್ಚಿನ ಗುಣವೇನೂ ಕಾಣಲಿಲ್ಲ.

ಗಡಸು ನೀರಿನಲ್ಲಿ ನೊರೆ ಬಾರದೆ ನಾವು ಸಾಬೂನು ಜಾಸ್ತಿ ಬಳಸುತ್ತೇವೆ, ಅದು ಚರ್ಮದ ಮೇಲೆ, ಬಟ್ಟೆಯ ಎಳೆಯಲ್ಲಿ ಉಳಿದುಬಿಡುತ್ತದೆ. ಆದ್ದರಿಂದ ಸಾಬೂನು ಕಡಿಮೆ ಮಾಡಿ. ನೀರಿನ ಕೊರತೆ ಇದ್ದ ದಿನ ಮಗುವಿನ ಬಟ್ಟೆಯನ್ನು ಕಡಿಮೆ ಪುಡಿಯಲ್ಲಿ ಒಗೆದು, ಉಳಿದ ನೀರನ್ನು ಜಾಲಿಸಲು ಇಟ್ಟುಕೊಳ್ಳಿ. ಸ್ನಾನಕ್ಕೆ ನೀರಿಲ್ಲದ ದಿನ ಒದ್ದೆ ಬಟ್ಟೆಯಿಂದ ಮೈ ಒರೆಸಿ ಜಿಡ್ಡು ಹಚ್ಚಿದರೂ ಆಯಿತು. ಸ್ನಾನ ತಪ್ಪಬಹುದು, ಜಿಡ್ಡು ತಪ್ಪಬಾರದು.

ಟ್ಯೂಬಿನ ಔಷಧಿ: ಎರಡು ತಪ್ಪುಗಳು

ಇಸಬು ಕೆರಳಿದಾಗ ಜಿಡ್ಡು ಮಾತ್ರ ಸಾಲದು. ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಮುಲಾಮು ಬೇಕಾಗುತ್ತದೆ. ಇಲ್ಲಿ ನಮ್ಮವರು ಎರಡು ಬಗೆಯಲ್ಲಿ ಎಡವುತ್ತಾರೆ.

ಮೊದಲನೆಯದು, ಚೀಟಿ ಇಲ್ಲದೆ ತರುವುದು. 'ಗಜಕರ್ಣ, ಖರೂಜ್, ಇಸಬ್ ಎಲ್ಲಕ್ಕೂ ಒಂದೇ' ಎಂದು ಕೊಡುವ ಟ್ಯೂಬುಗಳಲ್ಲಿ ಬಹಳ ಸಲ ಮೂರು ನಾಲ್ಕು ಔಷಧಿ ಬೆರೆತಿರುತ್ತವೆ. ಅದರಲ್ಲಿ ಒಂದು ಕ್ಲೋಬೆಟಾಸೋಲ್‌ನಂಥ ಅತಿ ಬಲವಾದ ಸ್ಟೀರಾಯ್ಡ್. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಕಾಗದದಂತೆ ತೆಳುವಾಗುತ್ತದೆ, ಬರೆ ಬೀಳುತ್ತದೆ, ಮುಖದಲ್ಲಿ ಕೆಂಪು ನರಗಳು ಮತ್ತು ಮೊಡವೆ ಮೂಡುತ್ತವೆ. ಈ ದುರ್ಬಳಕೆಯ ವಿರುದ್ಧ ಭಾರತದ ಚರ್ಮರೋಗ ತಜ್ಞರ ಸಂಘ ವರ್ಷಗಟ್ಟಲೆ ಹೋರಾಡಿತು. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ 'ಶೆಡ್ಯೂಲ್ ಎಚ್' ಪಟ್ಟಿಯ ಕಟ್ಟುನಿಟ್ಟಿಗೆ ತಂದಿತು. ಕಾಯಿದೆ ಇದೆ, ಅದನ್ನು ಪಾಲಿಸುವುದು ಕೊಳ್ಳುವ ನಮ್ಮ ಕೈಯಲ್ಲೂ ಇದೆ.

ಎರಡನೆಯದು ಇದಕ್ಕೆ ಉಲ್ಟಾ. ಸ್ಟೀರಾಯ್ಡ್ ಎಂಬ ಹೆಸರು ಕೇಳಿಯೇ ಹೆದರಿ, ಡಾಕ್ಟರು ಬರೆದುಕೊಟ್ಟದ್ದನ್ನೂ ಕಪಾಟಿನಲ್ಲಿಟ್ಟು ಮಗುವನ್ನು ಕೆರೆಯಲು ಬಿಡುವುದು. ವಯಸ್ಸಿಗೆ, ಜಾಗಕ್ಕೆ ತಕ್ಕ ಬಲದ ಮುಲಾಮನ್ನು ಹೇಳಿದಷ್ಟು ದಿನ ಹಚ್ಚಿ ನಿಲ್ಲಿಸಿದರೆ ಅದು ಸುರಕ್ಷಿತ ಔಷಧಿ. ಅರ್ಧ ಗುಣವಾದಾಗಲೇ ಬಿಟ್ಟರೆ ಮತ್ತೆ ಕೆರಳಿ, ಕೊನೆಗೆ ಹೆಚ್ಚು ಔಷಧಿಯೇ ಬೇಕಾಗುತ್ತದೆ.

ಅಳತೆಗೆ ಒಂದು ಸುಲಭ ಉಪಾಯವಿದೆ. 1991ರಲ್ಲಿ ಬ್ರಿಟನ್ನಿನ ಇಬ್ಬರು ಡಾಕ್ಟರರು ಇದನ್ನು ತಿಳಿಸಿಕೊಟ್ಟರು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬು ಹಿಂಡಿದರೆ ಸುಮಾರು ಅರ್ಧ ಗ್ರಾಂ. ಇದು ದೊಡ್ಡವರ ಎರಡು ಅಂಗೈ, ಬೆರಳೂ ಸೇರಿ, ಎಷ್ಟು ಜಾಗವೋ ಅಷ್ಟಕ್ಕೆ ಸಾಕು. ಮಗುವಿನ ಇಸಬಿನ ಮೇಲೆ ನಿಮ್ಮ ಅಂಗೈ ಇಟ್ಟು ಅಳೆಯಿರಿ. ಎರಡು ಅಂಗೈಯಷ್ಟಿದ್ದರೆ ಒಂದು ಬೆರಳತುದಿ. ಮುಖಕ್ಕೆ, ಕಣ್ಣಿನ ಸುತ್ತ ಡಾಕ್ಟರು ಹೇಳಿದ ಔಷಧಿ ಬಿಟ್ಟು ಬೇರೆ ಯಾವುದೂ ಬೇಡ. ಜಿಡ್ಡಿಗೂ ಔಷಧಿಗೂ ನಡುವೆ ಸ್ವಲ್ಪ ಹೊತ್ತು ಬಿಡಿ.

ಬೂದಿ, ಸುಣ್ಣ, ಸೀಮೆಎಣ್ಣೆ, ಬೆಳ್ಳುಳ್ಳಿ ರಸ ಇವನ್ನು ಬಿರಿದ ಚರ್ಮಕ್ಕೆ ತಾಗಿಸಲೇಬೇಡಿ. ಬೇವಿನ ಅರಪ್ಪೂ ಹಸಿ ಗಾಯಕ್ಕೆ ಉರಿ ತರುತ್ತದೆ.

ಪಥ್ಯದ ಹೆಸರಿನಲ್ಲಿ ಉಪವಾಸ ಬೇಡ

ಇಸಬು ಎಂದ ಕೂಡಲೇ ಹಾಲು, ಮೊಟ್ಟೆ, ಶೇಂಗಾ, ಮೀನು, ಬದನೆಕಾಯಿ ಎಲ್ಲಾ ಬಂದ್. ಉಳಿದದ್ದು ರೊಟ್ಟಿ, ತಿಳಿಸಾರು. ಆರು ತಿಂಗಳಲ್ಲಿ ಮಗುವಿನ ತೂಕ ಇಳಿದಿರುತ್ತದೆ, ಇಸಬು ಹಾಗೇ ಇರುತ್ತದೆ. ಕೆಲವು ಕೂಸುಗಳಿಗೆ, ಅದರಲ್ಲೂ ಇಸಬು ಜೋರಾಗಿರುವವರಿಗೆ, ಯಾವುದೋ ಒಂದು ಆಹಾರ ಒಗ್ಗದಿರುವುದುಂಟು. ತಿಂದ ಸ್ವಲ್ಪ ಹೊತ್ತಿಗೇ ಮೈಮೇಲೆ ದದ್ದು, ತುಟಿ ಬಾವು, ವಾಂತಿ ಆದರೆ ಆ ಆಹಾರ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಅಂಥ ಗುರುತಿಲ್ಲದೆ ಅಂದಾಜಿನ ಮೇಲೆ ಬಿಡಿಸುವುದರಿಂದ ಲಾಭ ಕಡಿಮೆ, ನಷ್ಟ ಹೆಚ್ಚು.

ಶೇಂಗಾ ಚಟ್ನಿಯ ಊರಾದ ಸೋಲಾಪುರದವರು ತಿಳಿಯಬೇಕಾದ ಒಂದು ವಿಷಯವಿದೆ. ತೀವ್ರ ಇಸಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಕೂಸುಗಳನ್ನು ಲಂಡನ್ನಿನಲ್ಲಿ ಐದು ವರ್ಷ ವಯಸ್ಸಾಗುವವರೆಗೆ ನೋಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ವರ್ಷ ತುಂಬುವ ಮೊದಲೇ ಶೇಂಗಾ ತಿನ್ನಿಸಲು ಶುರುಮಾಡಿದ ಮಕ್ಕಳಲ್ಲಿ ಶೇಂಗಾ ಅಲರ್ಜಿ, ದೂರವಿಟ್ಟ ಮಕ್ಕಳಿಗಿಂತ ಐದನೇ ಒಂದು ಪಾಲಿನಷ್ಟೇ ಇತ್ತು. ಹೆದರಿ ದೂರವಿಡುವುದೇ ಕಾಪಾಡುತ್ತದೆ ಎಂಬ ಹಳೆಯ ನಂಬಿಕೆ ಇದರಿಂದ ತಲೆಕೆಳಗಾಯಿತು. ಆದರೆ ಇಸಬು ಜೋರಾಗಿರುವ ಕೂಸಿಗೆ ಮೊದಲ ಸಲ ಕೊಡುವ ಮೊದಲು ಡಾಕ್ಟರನ್ನು ಕೇಳಿ. ಕೊಡುವುದಾದರೆ ನುಣ್ಣಗೆ ಅರೆದು, ತೆಳುಮಾಡಿ ಕೊಡಿ. ಇಡೀ ಕಾಳು ಗಂಟಲಲ್ಲಿ ಸಿಕ್ಕಿಕೊಂಡೀತು.

ದೊಡ್ಡವರ ಇಸಬು: ಕೈ ಮತ್ತು ಹೊಲ

ಇಸಬು ಮಕ್ಕಳಿಗಷ್ಟೇ ಬರುವುದಲ್ಲ. ದಿನವಿಡೀ ಪಾತ್ರೆ, ಬಟ್ಟೆ, ಖಾರ, ಬೆಳ್ಳುಳ್ಳಿಯಲ್ಲಿ ಕೈಯಾಡಿಸುವ ತಾಯಂದಿರ ಬೆರಳು ಬಿರಿಯುವುದೂ ಇಸಬೇ. ಸೋಲಾಪುರದಲ್ಲಿ ಸಾವಿರಾರು ಹೆಣ್ಣುಮಕ್ಕಳು ಮನೆಯಲ್ಲೇ ಬೀಡಿ ಕಟ್ಟುತ್ತಾರೆ. ತಂಬಾಕಿನ ಪುಡಿ ಬಿರಿದ ಕೈಗೆ ಉರಿ ತರುತ್ತದೆ. ಕೆಲಸ ಮುಗಿದೊಡನೆ ಕೈ ತೊಳೆದು ಜಿಡ್ಡು ಹಚ್ಚಿಕೊಳ್ಳಿ. ತಂಬಾಕಿನ ಕೈಯಿಂದ ಮಗುವಿಗೆ ಮುಲಾಮು ಹಚ್ಚಬೇಡಿ. ಬಟ್ಟೆ ಒಗೆಯುವಾಗ ಒಳಗೆ ನೂಲಿನ ಕೈಚೀಲ, ಮೇಲೆ ರಬ್ಬರಿನದು ಹಾಕಿಕೊಂಡರೆ ಬಹಳ ಅನುಕೂಲ.

ಹೊಲದಲ್ಲಿ ದುಡಿಯುವ ಗಂಡಸರಿಗೆ ಇನ್ನೊಂದು ಶತ್ರು ಇದೆ. ನಾವು ಕಾಂಗ್ರೆಸ್ ಕಸ ಎನ್ನುವ, ಮರಾಠಿಯವರು ಗಾಜರ್ ಗವತ್ ಎನ್ನುವ ಪಾರ್ಥೇನಿಯಂ. ಅಮೆರಿಕ ಖಂಡದ ಈ ಕಳೆ ಭಾರತದಲ್ಲಿ ಹಬ್ಬುತ್ತಿರುವುದನ್ನು 1950ರ ದಶಕದಲ್ಲಿ ಮೊದಲು ಗಮನಿಸಿದ್ದು ನಮ್ಮ ಪುಣೆಯಲ್ಲೇ. ಅದರಿಂದ ಬರುವ ಚರ್ಮರೋಗವನ್ನು 1960ರ ದಶಕದಲ್ಲಿ ಪುಣೆಯ ವೈದ್ಯರೇ ವರದಿ ಮಾಡಿದರು. ಅಂದಿನಿಂದ ಇದು ದಖ್ಖನಿನ ರೈತರನ್ನು ಬಿಟ್ಟಿಲ್ಲ. ಗಿಡ ಮುಟ್ಟಲೇಬೇಕೆಂದಿಲ್ಲ, ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಬಂದರೂ ಸಾಕು. ಕಣ್ಣರೆಪ್ಪೆ, ಮುಖ, ಕುತ್ತಿಗೆ, ಮೊಣಕೈ ಮಡಿಕೆ ಕಪ್ಪಾಗಿ ದಪ್ಪಗಾಗುತ್ತವೆ. ನಡುವಯಸ್ಸು ದಾಟಿದ ಮೇಲೆ ಹೊಸದಾಗಿ ಇಂಥ ಇಸಬು ಶುರುವಾದರೆ ಈ ಕಳೆಯನ್ನು ನೆನೆಯಿರಿ. ಮನೆ ಸುತ್ತಲಿನ ಗಿಡಗಳನ್ನು ಹೂ ಬಿಡುವ ಮೊದಲೇ, ಮಳೆ ಬಿದ್ದು ನೆಲ ಮೆತ್ತಗಿರುವಾಗ, ಕೈಗೆ ಚೀಲ ಹಾಕಿಕೊಂಡು ಬೇರುಸಹಿತ ಕೀಳಿಸಿ. ಅದರ ಅಲರ್ಜಿ ಇದ್ದವರು ಆ ಕೆಲಸಕ್ಕೆ ಹೋಗಬಾರದು. ಹೊಲದಿಂದ ಬಂದವರು ಕೈಕಾಲು ಮುಖ ತೊಳೆದು, ಅಂಗಿ ಬದಲಿಸಿ, ಆಮೇಲೆ ಮಗುವನ್ನು ಎತ್ತಿಕೊಳ್ಳಲಿ.

ಮನೆಯಲ್ಲಿ ಕೆಲಸ ಹಂಚಿಕೊಳ್ಳಿ

ಈಗ ಮುಖ್ಯ ಮಾತಿಗೆ ಬರೋಣ. ಇಷ್ಟೆಲ್ಲಾ ಕೆಲಸ ಒಬ್ಬ ತಾಯಿಯ ಮೇಲೆ ಬಿದ್ದರೆ ಎರಡು ವಾರದಲ್ಲಿ ನಿಂತುಹೋಗುತ್ತದೆ. ಇಸಬು ಮರಳಿದಾಗ ದೂರು ಬರುವುದೂ ಅವಳ ಮೇಲೆಯೇ. ಹಾಗಾಗದಂತೆ ಒಂದು ಸಂಜೆ ಎಲ್ಲರೂ ಕೂತು ಹಂಚಿಕೊಳ್ಳಿ.

ಅಜ್ಜಿ: ಬೆಳಗಿನ ಸ್ನಾನದ ನೀರಿನ ಹದ, ಸ್ನಾನದ ನಂತರದ ಎಣ್ಣೆ. ಕೂಸುಗಳನ್ನು ಎರೆದು ಬೆಳೆಸಿದ ಕೈ ಅವರದು. ಕಾರಣ ತಿಳಿಸಿ ಕೇಳಿದರೆ ಅವರಷ್ಟು ಶ್ರದ್ಧೆಯಿಂದ ಮಾಡುವವರು ಬೇರೆ ಇಲ್ಲ.

ತಂದೆ: ರಾತ್ರಿಯ ಜಿಡ್ಡು ಮತ್ತು ಔಷಧಿ. ಡಾಕ್ಟರ ಬಳಿ ಹೋಗುವಾಗ ತಾಯಿಯ ಜೊತೆ ತಾನೂ ಹೋಗುವುದು. ಚೀಟಿ ಇಲ್ಲದೆ ಟ್ಯೂಬು ತರದಿರುವುದು.

ತಾಯಿ: ಬಟ್ಟೆ, ಹಾಸಿಗೆ. ಮೈಗೆ ನೂಲಿನ ಮೆತ್ತನೆಯ ಬಟ್ಟೆ ಇರಲಿ. ಉಣ್ಣೆಯ ಸ್ವೆಟರನ್ನು ನೇರ ಮೈಮೇಲೆ ಹಾಕದೆ ಒಳಗೊಂದು ನೂಲಿನ ಅಂಗಿ ಹಾಕಿ. ಹಳೆಯ ಸೀರೆಯ ಕೌದಿ ಈ ಮಗುವಿಗೆ ಹೇಳಿ ಮಾಡಿಸಿದ ಹೊದಿಕೆ. ದಪ್ಪ ಚಾದರ ಹೊದಿಸಿ ಬೆವರಿಸಬೇಡಿ. ಕ್ರಿಸ್ಮಸ್ಸಿನ ಹೊಸ ಬಟ್ಟೆಯನ್ನು ಒಮ್ಮೆ ಒಗೆದೇ ತೊಡಿಸಿ. ಜರಿ, ಬಲೆ ಬಟ್ಟೆಯ ಫ್ರಾಕು ಪೂಜೆಯ ಹೊತ್ತೆಲ್ಲಾ ಚುಚ್ಚುತ್ತಿದ್ದರೆ ಮಗುವಿಗೆ ಹಬ್ಬವೆಲ್ಲಿ?

ಅಕ್ಕ ಅಥವಾ ಅಣ್ಣ: ವಾರಕ್ಕೆರಡು ಸಲ ಉಗುರು ಕತ್ತರಿಸುವುದು, ಶಾಲೆಯಲ್ಲಿ ಯಾರಾದರೂ ಹೀಯಾಳಿಸಿದರೆ 'ಇದು ಅಂಟೂದಿಲ್ಲ' ಎಂದು ಧೈರ್ಯವಾಗಿ ಹೇಳುವುದು.

ಎಲ್ಲರೂ: 'ಕೆರೀಬ್ಯಾಡ, ಕೆರೀಬ್ಯಾಡ' ಎಂದು ಗದರಿಸದಿರುವುದು. ತುರಿಕೆ ಮಗುವಿನ ಮಾತು ಕೇಳುವುದಿಲ್ಲ. ಗದರಿದರೆ ಮರೆಯಲ್ಲಿ ಹೋಗಿ ಕೆರೆದುಕೊಳ್ಳುತ್ತದೆ. ಬದಲಿಗೆ ತಣ್ಣೀರಲ್ಲಿ ಹಿಂಡಿದ ಬಟ್ಟೆ ಒತ್ತಿ, ಜಿಡ್ಡು ಹಚ್ಚಿ, ಕೈಗೆ ಒಂದು ಆಟಿಕೆ ಕೊಡಿ. ರಾತ್ರಿ ಎದ್ದು ನೋಡುವ ಸರದಿಯನ್ನು ಗಂಡ ಹೆಂಡತಿ ಹಂಚಿಕೊಳ್ಳಿ. ಮಗಳಿಗೆ ಇಸಬು ಇದ್ದರೆ 'ನಾಳೆ ಯಾರು ಲಗ್ನ ಆಗತಾರ' ಎಂಬ ಮಾತು ಅವಳ ಕಿವಿಗೆ ಬೀಳದಿರಲಿ. ಚರ್ಮ ಗುಣವಾದ ಮೇಲೂ ಆ ಮಾತು ಉಳಿದುಬಿಡುತ್ತದೆ.

ಯಾವಾಗ ತಡಮಾಡಬಾರದು?

ಇಸಬಿನ ಜಾಗದಲ್ಲಿ ಕೀವು, ಜೇನುಬಣ್ಣದ ಹೊಪ್ಪಳೆ, ಬಾವು, ನೋವು ಕಂಡರೆ ರೋಗಾಣು ಸೇರಿದೆ ಎಂದರ್ಥ. ಅಂದೇ ಡಾಕ್ಟರಿಗೆ ತೋರಿಸಿ. ಜ್ವರದ ಜೊತೆ ಒಂದೇ ಗಾತ್ರದ ನೀರುಗುಳ್ಳೆಗಳು ಗುಂಪುಗುಂಪಾಗಿ ಎದ್ದು ನೋವಿದ್ದರೆ, ಅದರಲ್ಲೂ ಕಣ್ಣಿನ ಹತ್ತಿರ ಎದ್ದಿದ್ದರೆ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ತುಟಿಯ ಮೇಲೆ ಜ್ವರದ ಗುಳ್ಳೆ ಎದ್ದ ದೊಡ್ಡವರಿಂದ ಈ ವೈರಸ್ಸು ಬರಬಹುದು. ಗುಳ್ಳೆ ಮಾಯುವವರೆಗೆ ಅವರು ಇಸಬಿನ ಮಗುವಿಗೆ ಮುತ್ತು ಕೊಡಬಾರದು.

ಹದಿನೈದು ದಿನ ಸರಿಯಾಗಿ ಆರೈಕೆ ಮಾಡಿದರೂ ತುರಿಕೆ ತಗ್ಗದಿದ್ದರೆ ಚರ್ಮರೋಗ ತಜ್ಞರನ್ನೇ ಕಾಣಿ. ಅಕ್ಕಲಕೋಟ, ಮೈಂದರ್ಗಿ, ದುಧನಿ ಕಡೆಯವರು ಮೊದಲು ಅಕ್ಕಲಕೋಟದ ಗ್ರಾಮೀಣ ರುಗ್ಣಾಲಯದಲ್ಲಿ ತೋರಿಸಬಹುದು. ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಸೋಲಾಪುರದಲ್ಲಿ, 1963ರಲ್ಲಿ ಆರಂಭವಾದ ಡಾ. ವೈಶಂಪಾಯನ ಸ್ಮಾರಕ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಊರಿನವರು ಸಿವಿಲ್ ಎಂದು ಕರೆಯುವುದು ಇದನ್ನೇ.

ಅಲ್ಲಿ ಮರಾಠಿಯಲ್ಲಿ ಕೇಳಿದಾಗ ನಮ್ಮ ತಾಯಂದಿರು ಸಂಕೋಚದಿಂದ ಸುಮ್ಮನಾಗುತ್ತಾರೆ. ನಾಲ್ಕು ಶಬ್ದ ಸಾಕು: ಖಾಜ್ ಎಂದರೆ ತುರಿಕೆ, ಕೋರಡೀ ಎಂದರೆ ಒಣಗಿದ್ದು, ಮಲಮ್ ಎಂದರೆ ಮುಲಾಮು, ಝೋಪ್ ಎಂದರೆ ನಿದ್ದೆ. ಮಗುವಿಗೆ ರಾತ್ರಿ ಝೋಪ್ ಇಲ್ಲ ಎಂಬುದನ್ನು ಮರೆಯದೆ ಹೇಳಿ. ಇಲ್ಲಿಯವರೆಗೆ ಹಚ್ಚಿದ ಎಲ್ಲಾ ಟ್ಯೂಬುಗಳನ್ನು, ಖಾಲಿಯಾಗಿದ್ದರೂ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಔಷಧಿ ಅಂಗಡಿಯಿಂದ ತಂದದ್ದನ್ನು ಮುಚ್ಚಿಡಬೇಡಿ. ಡಾಕ್ಟರಿಗೆ ಆ ಖಾಲಿ ಟ್ಯೂಬು ಹೇಳುವಷ್ಟನ್ನು ನಾವು ಮಾತಿನಲ್ಲಿ ಹೇಳಲಾರೆವು.

ಬಂಧುಗಳೇ, ಇಸಬಿನ ಮಗು ಇರುವ ಮನೆಯಲ್ಲಿ ಇವತ್ತಿನಿಂದಲೇ ಮಾಡಬಹುದಾದದ್ದು ಮೂರು: ಬಚ್ಚಲ ಬಾಗಿಲಲ್ಲೇ ಜಿಡ್ಡಿನ ಡಬ್ಬಿ ಇಡಿ, ಚೀಟಿಯಿಲ್ಲದ ಟ್ಯೂಬನ್ನು ಮನೆಯಿಂದ ಹೊರಗೆ ಹಾಕಿ, ತಾಯಿಯ ಮೇಲಿನ ದೂರನ್ನು ಇಂದಿಗೇ ನಿಲ್ಲಿಸಿ. ಮೊದಲ ಎರಡರಿಂದ ಮಗುವಿನ ಚರ್ಮಕ್ಕೆ ತಂಪು. ಮೂರನೆಯದರಿಂದ ಮನೆಗೇ ತಂಪು.